ಮೂರನೇ ತಾರೀಕಿನ ಎಡೆ

"ನಾಯಿ ಸತ್ತದ್ದು ಮೇಲೆ, ಮನುಷ್ಯ ಸತ್ತದ್ದು ಕೆಳಗೆ. ಇದ್ಯಾವ ನ್ಯಾಯ ಮೇಷ್ಟ್ರೇ?"

ಮುದ್ದಯ್ಯ ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈ ಇಳಿಸಿ ನನ್ನತ್ತ ತಿರುಗಿದರು. ರಿಟೈರಾದ ಹಿಸ್ಟರಿ ಮೇಷ್ಟ್ರಿಗೆ ಬೆಳಿಗ್ಗೆ ಬೆಳಿಗ್ಗೆ ಪೊಲೀಸಿನವಳ ತಮಾಷೆ ಬೇಕಿರಲಿಲ್ಲ.

"ಅದು ಬರೀ ನಾಯಲ್ಲ ವಿಜಯಮ್ಮ. ಲೈಕಾ! ಅಂತರಿಕ್ಷಕ್ಕೆ ಓದ ನಾಯಿ. ಲೋಕದ ಸುದ್ದಿ ಮೇಲೆ, ಊರಿನ ಸುದ್ದಿ ಕೆಳಗೆ. ನನ್ ಬೋರ್ಡಿನ ಕ್ರಮ ಇದು."

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಮುಚ್ಚಿದ ಜೆರಾಕ್ಸ್ ಅಂಗಡಿಯೊಂದರ ಗೋಡೆಗೆ ಆ ಬೋರ್ಡು ಒರಗಿರುತ್ತದೆ. ಮೇಷ್ಟ್ರು ದಿನಾ ಬಂದು ಒರೆಸುತ್ತಾರೆ, ಬರೆಯುತ್ತಾರೆ. ಆ ತಾರೀಕಿಗೆ ಯಾರು ಹುಟ್ಟಿದರು, ಯಾರು ಸತ್ತರು, ಯಾವ ರಾಜ್ಯ ಬಿತ್ತು, ಏನು ಆಚರಣೆ ಎಲ್ಲ ಅದರಲ್ಲಿರುತ್ತದೆ. ಕಾಫಿ ಕುಡಿಯಲು ಬಂದವರು ಲೋಟ ಹಿಡಿದುಕೊಂಡೇ ಓದುತ್ತಾರೆ. ಓದಿ ಮರೆಯುತ್ತಾರೆ.

ಅವತ್ತು ನವೆಂಬರ್ ಮೂರು. ಲೈಕಾ ಆದ ಮೇಲೆ ಅಮರ್ತ್ಯ ಸೇನ್ ಹುಟ್ಟುಹಬ್ಬವಿತ್ತು. ಆಮೇಲೆ 'ಜೀವಗೋಳ ಮೀಸಲು ಪ್ರದೇಶಗಳ ಅಂತರರಾಷ್ಟ್ರೀಯ ದಿನ' ಎಂದು ಬರೆದಿದ್ದರು. ಅದೇನು ಆಚರಣೆಯೋ, ಯಾರ ಮನೆಯಲ್ಲಿ ಒಬ್ಬಟ್ಟು ಮಾಡುತ್ತಾರೋ ದೇವರೇ ಬಲ್ಲ. ಕೊನೆಯ ಸಾಲಿನಲ್ಲಿ ಪುಟ್ಟ ಅಕ್ಷರದಲ್ಲಿ: 'ಹೊನ್ನೂರಿನ ದಿ. ಶಾಂತಮೂರ್ತಿಯವರ ಪ್ರಥಮ ವರ್ಷದ ಪುಣ್ಯಸ್ಮರಣೆ.'

ಆ ಸಾಲಿಗಾಗಿಯೇ ನಾನು ಸ್ಕೂಟರ್ ನಿಲ್ಲಿಸಿದ್ದು.

ಕಳೆದ ವರ್ಷ ಇದೇ ತಾರೀಕು ಸಂಜೆ ಸತ್ತೇಗಾಲದ ಸೇತುವೆಯಿಂದ ಸೀರೆ ವ್ಯಾಪಾರದ ಶಾಂತಮೂರ್ತಿಯನ್ನು ಕಾವೇರಿಗೆ ತಳ್ಳಿದ ಅಂತ ನಮ್ಮ ದೇವಾಂಗಪೇಟೆಯ ನೇಕಾರ ಮೋಹನ್ ಚಾಮರಾಜನಗರದ ಜೈಲಿನಲ್ಲಿದ್ದಾನೆ. ನೋಡಿದವನು ಒಬ್ಬನೇ, ಸತ್ತವನ ತಮ್ಮ ಮಲ್ಲಿಕಾರ್ಜುನಸ್ವಾಮಿ. ಗುರುವಾರ ಅವನು ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಮೋಹನ್‌ಗೆ ಜೀವಾವಧಿ ಖಾಯಂ. ಅವನಿಗೆ ಮುಟ್ಟಿಸಬೇಕಾದ ಸಮನ್ಸ್ ನನ್ನ ಬ್ಯಾಗಿನಲ್ಲಿತ್ತು.

ಸಮನ್ಸ್ ಕೊಡಲು ಎಎಸ್‌ಐ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ನಾನೂ ಕೇಳಿದೆ. "ನೀವೇ ತಾನೇ ಆ ಕೇಸು ಸರಿಯಿಲ್ಲ ಸರಿಯಿಲ್ಲ ಅಂತಿದ್ರಿ, ನೀವೇ ಹೋಗಿ" ಅಂದರು ಇನ್ಸ್‌ಪೆಕ್ಟರು. ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆಯ ಬಂದೋಬಸ್ತು ಅಂತ ಹನೂರು ದಾರಿಯಲ್ಲಿ ನಿಂತು ನಿಂತು ಮಂಡಿ ಹಿಡಿದುಕೊಂಡಿದೆ. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಈ ಮಂಡಿ ಇಟ್ಟುಕೊಂಡು ನ್ಯಾಯ ಹುಡುಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ನನಗೂ ಅನ್ನಿಸಿತ್ತು.

"ಆ ಕೊನೇ ಸಾಲು ಯಾರು ಕೊಟ್ಟಿದ್ದು ಮೇಷ್ಟ್ರೇ?"

"ಅವನ ತಮ್ಮ. ವಾರದ ಹಿಂದೇನೇ ಬಂದು ಏಳ್ಬುಟ್ಟು ಓದ. ಆದ್ರೆ ಮೊನ್ನೆ ಒಂದ್ ರಾಮಾಯಣ ಆಯ್ತು ನೋಡು." ಮೇಷ್ಟ್ರು ಕೈಗೆ ಮೆತ್ತಿದ ಸುಣ್ಣವನ್ನು ಪಂಚೆಗೆ ಒರೆಸಿಕೊಂಡರು. "ರಾಜ್ಯೋತ್ಸವದ ದಿನ ನಾನು ಬರೀತಾವ್ನಿ. ಐವತ್ತಾರನೇ ಇಸ್ವೀಲಿ ನಮ್ ಕೊಳ್ಳೇಗಾಲ ಮದ್ರಾಸು ಬುಟ್ಟು ಮೈಸೂರಿಗೆ ಸೇರಿದ್ದು ಅದೇ ದಿನ ತಾನೆ? ಅದನ್ನ ದಪ್ಪಕ್ಷರದಲ್ಲಿ ಬರೀಬೇಕು ಅಂತ ಕುಂತಿದ್ರೆ, ಆ ಶಾಂತಮೂರ್ತಿ ಎಂಡ್ರು ಬಂದು ನಿಂತ್ಕಂಡ್ರು."

"ಸುವರ್ಣಮ್ಮಾನಾ?"

"ಹ್ಞೂಂ. 'ನಮ್ಮನೆಯವ್ರದು ಇವತ್ತು ಬರೀರಿ' ಅಂದ್ರು. 'ಇವತ್ತಲ್ಲ ಕಣಮ್ಮ, ನಿಮ್ ಮೈದುನ ಮೂರು ಅಂತ ಕೊಟ್ಟವ್ರೆ' ಅಂದೆ. 'ತಪ್ಪು ದಿನ ನೆನೆಸ್ಕಂಡ್ರೆ ಅವ್ರಿಗೆ ಮುಟ್ಟಲ್ಲ ಮೇಷ್ಟ್ರೇ' ಅಂತ ರಸ್ತೇಲೇ ಕಣ್ಣೀರಾಕ್ಬುಟ್ರು. ನಾನ್ ಬರೀಲಿಲ್ಲ. ಕನ್ನಡಾಂಬೆ ಪಕ್ಕದಲ್ಲಿ ಪುಣ್ಯಸ್ಮರಣೆ ಬರೀಲಾ?"

"ಯಾಕೆ ಹಂಗಂದ್ರು?"

"ತಿಥಿ ವಿಜಯಮ್ಮ, ತಿಥಿ! ಹಳ್ಳಿ ಎಂಗಸ್ರು ತಾರೀಕು ಎಲ್ಲಿ ನೋಡ್ತಾರೆ? ತಿಥಿ ಇಡ್ಕಂಡು ಎಣಿಸ್ತಾರೆ. ಒಂದೆರಡು ದಿನ ಇಂದೆ ಮುಂದೆ ಆಯ್ತದೆ."

ಇರಬಹುದು ಅಂದುಕೊಂಡೆ. ತಲೆ ಓಡಿಸುವ ಶಕ್ತಿ ಇರಲಿಲ್ಲ. ಕಾಫಿ ಹೇಳಿ ಅಲ್ಲಿಂದ ಸರಿದೆ.

ಕಾಫಿ ಬರುವಷ್ಟರಲ್ಲಿ ರಮ್ಯಶ್ರೀ ಬಂದಳು. ಮೋಹನನ ಒಬ್ಬಳೇ ಮಗಳು. ತಾಯಿ ಇಲ್ಲದ ಹುಡುಗಿ. ನಮ್ಮದೂ ಅದೇ ಬೀದಿ. ನನ್ನ ಅಮ್ಮನ ಮಗ್ಗದ ಸದ್ದಿಗೂ ಅವಳ ಅಜ್ಜನ ಮಗ್ಗದ ಸದ್ದಿಗೂ ನಡುವೆ ಒಂದೇ ಗೋಡೆ. ಯಳಂದೂರಿನ ಕಾಲೇಜಿಗೆ ಹೋಗುತ್ತಾಳೆ. ಈ ಒಂದು ವರ್ಷದಲ್ಲಿ ಕತ್ತಿನ ಮೂಳೆ ಕಾಣುವಷ್ಟು ಸಣ್ಣಗಾಗಿದ್ದಾಳೆ.

"ಹೊನ್ನೂರಿಗೆ ಹೋಗ್ತಿದ್ದೀರಂತೆ ಆಂಟಿ. ನಾನೂ ಬರ್ತೀನಿ."

"ಕಾಲೇಜಿಲ್ವಾ?"

"ಹೋಗಲ್ಲ."

"ಲೇ, ಆ ಮನೆ ಬಾಗಿಲಲ್ಲಿ ನಿನ್ನ ಮುಖ ನೋಡಿದ್ರೆ ಚಪ್ಪಲಿ ತಗೋತಾರೆ ಕಣೇ."

"ಊರ ಹೊರಗೇ ನಿಂತ್ಕೋತೀನಿ. ಗುರುವಾರ ಆಗೋದ್ರೊಳಗೆ ಏನಾದ್ರೂ ಆಗ್ಬೇಕು ಆಂಟಿ. ಅಪ್ಪ ಜೈಲಿಗೂ ಬರ್ಬೇಡ ಅಂತಾರೆ. ಹೋದ್ರೆ ಮುಖ ತಿರುಗಿಸ್ಕೊಂಡು ಕೂತಿರ್ತಾರೆ."

ಮೋಹನ್ ನಮಗೂ ಅಷ್ಟೇ ಹೇಳಿದ್ದು. ಅಂದರೆ ಏನೂ ಹೇಳಿರಲಿಲ್ಲ. ತಳ್ಳಿದೆ ಅನ್ನಲಿಲ್ಲ, ತಳ್ಳಲಿಲ್ಲ ಅಂತಲೂ ಅನ್ನಲಿಲ್ಲ. ಅಂಥ ಮೊಂಡನನ್ನು ಉಳಿಸುವುದು ಹೇಗೆ?

"ಗಾಡಿ ಹತ್ತು," ಅಂದೆ. "ನಿಮ್ಮಪ್ಪನ್ನ ಈಚೆ ತರೋಕೆ ನನ್ನ ಕೈಲಾದ್ದೆಲ್ಲ ಮಾಡ್ತೀನಿ. ಮಾತು ಕೊಟ್ಟಿದ್ದೀನಿ ಅಂತ ತಿಳ್ಕೋ."

ಇಂಥ ಮಾತನ್ನು ಪೊಲೀಸಿನವರು ಯಾವತ್ತೂ ಕೊಡಬಾರದು.

ಯಳಂದೂರು ದಾಟಿ ಗದ್ದೆ ಬಯಲಿಗೆ ಇಳಿದಾಗ ಬಿಸಿಲು ಏರಿತ್ತು. ಭತ್ತ ಹಾಲುಗಾಳಿಗೆ ಬಂದಿತ್ತು. ಹೊನ್ನೂರಿನ ಅಂಚಿನಲ್ಲೇ ಫ್ಲೆಕ್ಸು ನಿಲ್ಲಿಸಿದ್ದರು. ಶಾಂತಮೂರ್ತಿ ಬಿಳಿ ಶರ್ಟು ಹಾಕಿ ನಗುತ್ತಿದ್ದ. ಕೆಳಗೆ 'ಮತ್ತೆ ಹುಟ್ಟಿ ಬಾ ಅಣ್ಣಾ' ಅಂತ ಕೆಂಪಕ್ಷರ. ರಮ್ಯಶ್ರೀ ಅದನ್ನು ನೋಡಲಿಲ್ಲ. ಹೊಂಗೆಮರದ ಕೆಳಗೆ ಇಳಿದು ಬೆನ್ನು ತಿರುಗಿಸಿ ನಿಂತಳು. ಸ್ಕೂಟರನ್ನು ಅವಳ ಹತ್ತಿರವೇ ಬಿಟ್ಟು ನಡೆದೆ. ಶಾಂತಮೂರ್ತಿಯ ಮನೆಯ ಹಿತ್ತಲು ಆ ಮರಕ್ಕೆ ನೇರವಾಗಿಯೇ ಇತ್ತು.

ಮನೆ ಮುಂದೆ ಶಾಮಿಯಾನ, ಒಂದಷ್ಟು ಕುರ್ಚಿ. ನೆಂಟರು ಇನ್ನೂ ಬಂದಿರಲಿಲ್ಲ. ಮಲ್ಲಿಕಾರ್ಜುನಸ್ವಾಮಿ ಪಂಚೆ ಎತ್ತಿ ಕಟ್ಟಿ ತಾನೇ ನೀರಿನ ಡ್ರಮ್ಮು ಉರುಳಿಸುತ್ತಿದ್ದ. ನನ್ನ ಯೂನಿಫಾರಂ ನೋಡಿ ನಿಂತ.

"ಇವತ್ತೇ ಬರ್ಬೇಕಿತ್ತಾ ಮೇಡಮ್ಮಾರೆ?"

"ನಂದೂ ಕೂಲಿ ಕೆಲಸ ಸ್ವಾಮಿಯವ್ರೆ. ಗುರುವಾರ ಕೋರ್ಟು. ಇಲ್ಲಿ ಸೈನ್ ಹಾಕಿ."

ಹಾಕಿದ. ಪೆನ್ನು ವಾಪಸು ಕೊಡುತ್ತಾ, "ನಾನು ಸುಳ್ಳೇಳ್ತಾವ್ನಿ ಅಂತ ನೀವು ಟೇಷನ್ನಲ್ಲಿ ಅಂದ್ರಂತೆ," ಅಂದ.

ಅಂದದ್ದು ನಿಜ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ.

"ನಾ ನೋಡಿದ್ನ ಏಳ್ದೆ ಮೇಡಮ್ಮಾರೆ. ಕಬ್ಬಿನ ಕಟಾವಿನ ಕೂಲಿಯೋರ್ನ ಮಾತಾಡ್ಸಿ ಬೈಕಲ್ಲಿ ಬತ್ತಿದ್ದೆ. ಕತ್ಲಾಯ್ತಾ ಇತ್ತು. ಸೇತುವೆ ಆ ಕಡೀಕೆ ಮೋಹನನ ಲಗೇಜ್ ಆಟೋ. ಅವ್ನು ನಮ್ಮಣ್ಣನ ಸೊಂಟದ ಸುತ್ತ ಕೈ ಆಕಿದ್ದ. ಅಣ್ಣ ಒರಿಕ್ಕಂಡು ನಿಂತಿದ್ದ, ಕುಡ್ದವ್ನೆ ಅಂದ್ಕಂಡೆ. ನೋಡ್ತಿದ್ದಂಗೆ ಎತ್ತಿ ತಳ್ಬುಟ್ಟ. ನಾ ಕೂಗ್ಕಂಡು ಓಡದ್ರೊಳಗೆ..." ಅವನು ಡ್ರಮ್ಮಿನ ಅಂಚು ಹಿಡಿದುಕೊಂಡ. "ನಮ್ಮಣ್ಣ ಒಂದ್ ಸದ್ದು ಕೂಡ ಮಾಡ್ಲಿಲ್ಲ."

ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ನಮ್ಮ ಮುಖ ನೋಡಿಕೊಂಡು ಹೇಳುತ್ತಾರೆ. ಇವನು ಡ್ರಮ್ಮನ್ನು ನೋಡಿಕೊಂಡು ಹೇಳುತ್ತಿದ್ದ. ಅಷ್ಟು ದಿನ ಅವನನ್ನು ಬೈದುಕೊಂಡ ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಒಬ್ಬನ ದುಃಖವೂ ನಿಜ, ಇನ್ನೊಬ್ಬನ ಜೈಲೂ ನಿಜ ಅಂದರೆ ನಾನು ಯಾವ ಕಡೆಗೆ ಹೋಗಿ ಸಾಯಲಿ?

"ಬನ್ನಿ, ಕಾಲ್ಗೆ ನೀರಾಕ್ಕಳಿ. ಎಡೆ ಇಟ್ಮ್ಯಾಲೆ ಊಟ ಮಾಡ್ಕಂಡೇ ಓಗ್ಬೇಕು," ಅಂದ. ಹಗೆಯ ಮನೆಯವರೇ ಬಂದರೂ ಊಟಕ್ಕೆ ಹೇಳದೆ ಕಳಿಸುವ ಊರಲ್ಲ ಅದು.

ಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಅಲ್ಲಿ ಸೌದೆ ಒಲೆಯ ಮೇಲೆ ಬಾಣಲೆ. ಒಲೆಯ ಮುಂದೆ ಸುವರ್ಣಮ್ಮ. ಮೊರದ ತುಂಬ ಕಜ್ಜಾಯ, ಇನ್ನೊಂದರಲ್ಲಿ ವಡೆ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅವನು ಬಂದು ಉಂಡು ಹೋಗಲಿ ಅಂತ. ಅದೇ ಎಡೆ. ಅದು ಆಗುವ ತನಕ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಹೆಂಡತಿಯಂತೂ ಉಗುಳು ಸಹ ನುಂಗಬಾರದು.

ಸುವರ್ಣಮ್ಮ ವಡೆ ತಿನ್ನುತ್ತಿದ್ದಳು.

ಕದ್ದು ತಿನ್ನುವ ಹಾಗೂ ಇರಲಿಲ್ಲ. ಹಸಿದವಳು ತಿನ್ನುವ ಹಾಗೆ, ಒಲೆಯ ಕಡೆ ನೋಡಿಕೊಂಡು ಸುಮ್ಮನೆ ತಿನ್ನುತ್ತಿದ್ದಳು. ಜಗುಲಿಯ ಮೇಲೆ ಕೂತಿದ್ದ ಅತ್ತೆ ದೊಡ್ಡಬಸಮ್ಮ ಅದನ್ನು ಕಂಡು ಬಡಿದುಕೊಂಡಳು.

"ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಗಂಡನ್ ಎಡೆ ಇಡಕೂ ಮುಂಚೆ ಎಂಜ್ಲು ಮಾಡ್ಕಂಡ್ಯಲ್ಲೇ! ನೋಡಿ ಅಮ್ಮಾರೆ ಇವಳ ಸೊಗಸ. ಮೊನ್ನೆ ಒಂದ್ ತೊಟ್ಟು ನೀರ್ ಮುಟ್ನಿಲ್ಲ. ಒತ್ತು ಮುಳುಗೋಗಂಟ ಉಪಾಸ. ಯಾಕವ್ವ ಅಂದ್ರೆ ಮಾತಿಲ್ಲ. ಇವತ್ತು ಉಪಾಸ ಇರ್ಬೇಕಾದ್ ದಿನ ವಡೆ ಮುಕ್ತಾವ್ಳೆ!"

ಸುವರ್ಣಮ್ಮ ಕೈಲಿದ್ದ ಚೂರನ್ನು ಒಲೆಗೆ ಹಾಕಿದಳು. ಅತ್ತೆ ಗೊಣಗುತ್ತಾ, ಗೋಡೆ ಹಿಡಿದುಕೊಂಡು, ಮಗನಿಗೆ ದೂರು ಹೇಳಲು ಒಳಗೆ ಹೋದಳು.

ನಾನು ಚೊಂಬು ಹಿಡಿದುಕೊಂಡು ನಿಂತೇ ಇದ್ದೆ.

ಮೊನ್ನೆ ಅಂದರೆ ಒಂದನೇ ತಾರೀಕು. ಬೋರ್ಡಿನ ಮುಂದೆ ಅತ್ತ ದಿನವೇ ಉಪವಾಸವನ್ನೂ ಮಾಡಿದ್ದಾಳೆ. ತಿಥಿ ಅಂದರು ಮೇಷ್ಟ್ರು. ಬೆಳಿಗ್ಗೆ ನಾನೂ ತಲೆಯಾಡಿಸಿದ್ದೆ. ಈಗ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಲೆಕ್ಕ ಹಾಕಿದರೆ ಆ ಮಾತಿಗೆ ತಲೆಯೂ ಇಲ್ಲ, ಬುಡವೂ ಇಲ್ಲ.

ಹೋದ ವರ್ಷ ರಾಜ್ಯೋತ್ಸವವೂ ದೀಪಾವಳಿ ಅಮಾವಾಸ್ಯೆಯೂ ಒಂದೇ ದಿನ ಬಂದಿದ್ದವು. ಮರೆಯುವ ಹಾಗೇ ಇಲ್ಲ. ಹಬ್ಬದ ರಜೆ ಸಿಗಲಿಲ್ಲ ಅಂತ ನಾನು ಮೆರವಣಿಗೆಯ ಬಂದೋಬಸ್ತಿನಲ್ಲಿ ನಿಂತು ಎಲ್ಲರಿಗೂ ಶಾಪ ಹಾಕಿದ್ದೆ. ಈ ವರ್ಷ ದೀಪಾವಳಿ ಅಕ್ಟೋಬರಿನಲ್ಲೇ ಬಂದು ಮುಗಿಯಿತು. ತಿಥಿ ಹಿಡಿದು ಎಣಿಸುವವಳಾದರೆ ಸುವರ್ಣಮ್ಮನ ಉಪವಾಸ ಹಬ್ಬದ ಆಸುಪಾಸಿನಲ್ಲೇ ಆಗಿಹೋಗಬೇಕಿತ್ತು. ಈ ವರ್ಷದ ನವೆಂಬರ್ ಒಂದಕ್ಕೆ ಆ ಹಬ್ಬದ ದಿನಗಳ ಯಾವ ತಿಥಿಯೂ ಕೂಡಿಬರುವುದಿಲ್ಲ.

ಅವಳು ಎಣಿಸಿದ್ದು ತಾರೀಕನ್ನೇ. ಮಲ್ಲಿಕಾರ್ಜುನಸ್ವಾಮಿ ಎಣಿಸಿದ ಹಾಗೆಯೇ. ಆದರೆ ಬೇರೆ ತಾರೀಕನ್ನು.

ಮಂಡಿ ನೋವು ಮರೆತುಹೋಯಿತು. ಒಲೆಯ ಪಕ್ಕದ ಮಣೆ ಎಳೆದುಕೊಂಡು ಕೂತೆ.

"ಸುವರ್ಣಮ್ಮ, ಮೊನ್ನೆ ಯಾಕೆ ಉಪವಾಸ ಇದ್ರಿ?"

"ಸುಮ್ನೆ. ಒಟ್ಟೆ ಸರಿ ಇರ್ಲಿಲ್ಲ."

"ಹೊಟ್ಟೆ ಸರಿ ಇಲ್ಲದೋರು ಕೊಳ್ಳೇಗಾಲದ ತನಕ ಬಸ್ಸಲ್ಲಿ ಬಂದು ಮೇಷ್ಟ್ರ ಹತ್ರ ಜಗಳ ಆಡ್ತಾರಾ?"

ಅವಳ ಜಾಲರಿ ಬಾಣಲೆಯ ಅಂಚಿಗೆ ತಾಕಿತು. "ಅದು... ತಿಥಿ ಲೆಕ್ಕ ಅಮ್ಮಾರೆ."

"ಯಾವ ತಿಥಿ?"

"ಅಮಾಸೆ."

"ಅಮಾವಾಸ್ಯೆ ಹೋದ ತಿಂಗಳೇ ಹೋಯ್ತಲ್ಲ ತಾಯಿ. ಆವತ್ತು ಯಾಕೆ ಉಪವಾಸ ಇರಲಿಲ್ಲ?"

ಎಣ್ಣೆಯಲ್ಲಿ ಕಜ್ಜಾಯ ಕಪ್ಪಾಗತೊಡಗಿತು. ನಾನೇ ಜಾಲರಿ ತೆಗೆದುಕೊಂಡು ಎತ್ತಿ ಹಾಕಿದೆ.

"ನೀವು ಸ್ಟೇಷನ್ನಲ್ಲಿ ಏನು ಬರೆಸಿದ್ರಿ ನೆನಪಿದ್ಯಾ? ಹಬ್ಬದ ದಿನ ಯಜಮಾನ್ರು ಎಲ್ಲೋ ಹೋಗಿದ್ರು, ಮಾರನೇ ರಾತ್ರಿ ಮನೆಗೆ ಬಂದ್ರು, ಮೂರನೇ ತಾರೀಕು ಬೆಳಿಗ್ಗೆ ತಿಂಡಿ ತಿಂದು ಹೋದ್ರು ಅಂತ. ಮೈದುನ ಬೇರೆ ಮನೆ. ಅತ್ತೆ ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ರು. ಅವರು ಮೂರನೇ ತಾರೀಕಿನವರೆಗೂ ಬದುಕಿದ್ರು ಅಂತ ಹೇಳಿದ್ದು ಈ ಊರಲ್ಲಿ ನೀವೊಬ್ಬರೇ."

"ಬುಡಿ ಅಮ್ಮಾರೆ."

"ನೀರಲ್ಲಿ ಊದಿದ ಹೆಣಕ್ಕೆ ಡಾಕ್ಟರೂ ತಾರೀಕು ಹೇಳ್ಲಿಲ್ಲ. ತಲೆ ಗಾಯ ಬಂಡೆಗೆ ತಾಕಿದ್ದು ಅಂದ್ರು, ನಾವೂ ಹ್ಞೂಂ ಅಂದ್ವಿ. ನಿಮ್ಮ ಮೈದುನ ಈಗ ತಾನೆ ಅಂದ, ಅಣ್ಣ ಒರಗಿಕೊಂಡು ನಿಂತಿದ್ದ, ತಳ್ಳಿದ್ರೂ ಸದ್ದು ಮಾಡ್ಲಿಲ್ಲ ಅಂತ. ಯಾಕೆ ಮಾಡ್ಲಿಲ್ಲ ಸುವರ್ಣಮ್ಮ?"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಗೆಗೋ ಅಳುವಿಗೋ ಭುಜ ಅಲುಗುತ್ತಿತ್ತು. ನಾನು ಕಾದೆ. ಬೇರೆಯವರ ಅಳು ಮುಗಿಯುವುದನ್ನು ಕಾಯುತ್ತಾ ಕೂರುವುದೇ ನನ್ನ ಸರ್ವೀಸಿನ ಅರ್ಧ ಆಯಸ್ಸು.

"ತಪ್ ದಿನ ಇಟ್ಟ ಎಡೆ ಮುಟ್ಟಲ್ಲ ಕಣಮ್ಮಾರೆ," ಅಂದಳು ಕೊನೆಗೆ. "ಕೆಟ್ಟೋನೋ ಒಳ್ಳೇನೋ, ತಾಳಿ ಕಟ್ಟಿದ್ದ. ಅಸ್ಕಂಡು ಅಲೀತಾ ಇದ್ರೆ ನಂಗೆ ನಿದ್ದೆ ಬರಾಕಿಲ್ಲ. ಅದ್ಕೇ ಮೊನ್ನೆ ನನ್ ಕ್ವಾಣೇಲಿ ಬಾಗ್ಲಾಕ್ಕಂಡು ಒಂದ್ ಎಲೆ ಆಕ್ದೆ. ಇವತ್ತಿಂದು ಊರಿಗೆ ತೋರ್ಸಕೆ. ಇವತ್ತು ಉಪಾಸ ಇದ್ರೂ ಒಂದೇ, ಉಂಡ್ರೂ ಒಂದೇ."

"ಅಂದ್ರೆ ಸತ್ತಿದ್ದು ಒಂದನೇ ತಾರೀಕು."

ತಲೆ ಅಲುಗಿಸಿದಳು. ಹೌದು.

ಎದೆಯ ಮೇಲಿಂದ ಯಾರೋ ಒಳಕಲ್ಲು ಇಳಿಸಿದಂತಾಯಿತು. ನಿಜ ಹೇಳುತ್ತೇನೆ, ಎದ್ದು ಅವಳನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಒಂದನೇ ತಾರೀಕು ಮೋಹನ್ ಎಲ್ಲಿದ್ದ ಅಂತ ಯಾರನ್ನೂ ಕೇಳಬೇಕಿರಲಿಲ್ಲ. ಒಳ್ಳೆಯ ನೇಕಾರ ಅಂತ ತಾಲ್ಲೂಕಿನ ರಾಜ್ಯೋತ್ಸವದಲ್ಲಿ ಅವನಿಗೆ ಸನ್ಮಾನವಿತ್ತು. ಬೆಳಿಗ್ಗೆ ಧ್ವಜ ಏರಿಸುವಾಗಿನಿಂದ ಕತ್ತಲಾಗುವ ತನಕ ಪೇಟ ಸುತ್ತಿಕೊಂಡು, ಶಾಲು ಹೊದ್ದುಕೊಂಡು, ಸ್ಟೇಜಿನ ಮೇಲೆ ಬೆವರುತ್ತಾ ಕೂತಿದ್ದ. ನೋಡಿದವರು ಸಾವಿರ ಜನ. ಅವನ ಮುಂದೆ ಲಾಠಿ ಹಿಡಿದು ನಿಂತಿದ್ದವಳು ನಾನೇ.

"ಮೋಹನ್ ಕೊಲೆ ಮಾಡಿಲ್ಲ," ಅಂದೆ. "ಹೆಣ ಎಸೆದಿರಬಹುದು. ಅದಕ್ಕೆ ಬೇರೆ ಶಿಕ್ಷೆ, ಕಮ್ಮಿ ಶಿಕ್ಷೆ. ಆದರೆ ಕೊಂದಿಲ್ಲ. ಸುವರ್ಣಮ್ಮ, ಇದನ್ನ ಗುರುವಾರ ಕೋರ್ಟಲ್ಲಿ ಹೇಳಿ. ಒಂದು ಮಗು ತಂದೆ ಬರ್ತಾನೆ ಅಂತ ಕಾಯ್ತಾ ಇದೆ."

"ಏಳ್ಬುಡಬೌದು." ಅವಳು ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. "ನಂಗೇನು? ಸುಳ್ಳೇಳಿ ಸಾಕಾಗದೆ. ಆದ್ರೆ ಮೋಹನಣ್ಣ ಬ್ಯಾಡ ಅಂತ ಕೈ ಮುಗ್ದವ್ರೆ."

"ಅವನಿಗೇನು ಹುಚ್ಚಾ?"

"ಉಚ್ಚಲ್ಲ." ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಅಮ್ಮಾರೆ, ಅಬ್ಬದ್ ದಿನ ಮನೇಲಿ ದೀಪ ಅಚ್ಚೋ ಒತ್ತಾದ್ರೂ ನಮ್ಮೋರು ಬರ್ಲಿಲ್ಲ. ಸೀರೆ ಯಾಪಾರ ಅಂತ ಯಾವಾಗ್ಲೂ ಮೋಹನಣ್ಣನ್ ಮನೇಗೆ ಓಗೋರು. ಉಡಿಕ್ಕಂಡು ಓದೆ. ಬೀದೀಲಿ ಒಂದ್ ನರಪಿಳ್ಳೆ ಇಲ್ಲ, ಎಲ್ಲಾ ಮೆರವಣ್ಗೆ ನೋಡಕೋಗಿದ್ರು. ಮನೆ ಮುಂದೆ ನಮ್ಮೋರ್ ಬೈಕಿತ್ತು. ಬಾಗ್ಲು ತಳ್ದೆ."

"ಮೋಹನ್ ಮನೇಲಿರಲಿಲ್ಲ."

"ಇರ್ಲಿಲ್ಲ."

"ನಿಮ್ಮ ಯಜಮಾನ್ರು?"

"ಮಗ್ಗದ್ ಪಕ್ಕ ಬಿದ್ದಿದ್ರು. ಅಷ್ಟೊತ್ಗೇ ತಣ್ಗಾಗಿದ್ರು. ಅಬ್ಬದ್ ಜನ ಕರಗೋಗಂಟ ಮೋಹನಣ್ಣ ಎಲ್ಡ್ ದಿನ ಅಲ್ಲೇ ಮುಚ್ಚಿಟ್ಟಿದ್ರು." ಅವಳ ದನಿಯಲ್ಲಿ ಅಳು ಇರಲಿಲ್ಲ. ಸುಸ್ತಿತ್ತು, ನನ್ನ ಹಾಗೆಯೇ. "ನನ್ ಗಂಡ ಎಂತೋನು ಅಂತ ನಂಗೆ ಗೊತ್ತಿತ್ತು ಅಮ್ಮಾರೆ. ಒಂಟಿ ಎಣ್ಮಕ್ಳಿರೋ ಮನೇಗೆ ಯಾವ್ ಒತ್ನಲ್ಲಿ ಓಯ್ತಾನೆ ಅಂತಾನೂ ಗೊತ್ತಿತ್ತು. ಆ ಮಗೀಗೆ ಗೊತ್ತಿರ್ಲಿಲ್ಲ."

"ಯಾವ ಮಗು?"

ಕೇಳಿದ ಮೇಲೆ ಯಾಕೆ ಕೇಳಿದೆ ಅನ್ನಿಸಿತು. ಅವಳು ಹಿತ್ತಲ ಮೋಟುಗೋಡೆಯ ಆಚೆ, ಹೊಂಗೆಮರದ ಕಡೆ ನೋಡಿದಳು. ಅಲ್ಲಿ ನನ್ನ ಸ್ಕೂಟರಿನ ಸೀಟಿಗೆ ಒರಗಿ, ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ರಮ್ಯಶ್ರೀ ನಿಂತಿದ್ದಳು.

"ನೀವೇ ಕರ್ಕ ಬಂದಿದ್ದೀರಲ್ಲ," ಅಂದಳು ಸುವರ್ಣಮ್ಮ. "ನೀವೇ ಕೇಳ್ಕಳಿ. ಕೇಳ್ಬುಟ್ಟು ಆಮ್ಯಾಕೆ ಏಳಿ, ನಾನು ಕೋರ್ಟ್ನಾಗೆ ಯಾವ್ ತಾರೀಕು ಏಳ್ಬೇಕು ಅಂತ."

ಒಳಗಿನಿಂದ ಮಲ್ಲಿಕಾರ್ಜುನಸ್ವಾಮಿ ಕೂಗಿದ, "ಅತ್ಗೆ, ಎಡೇಗೆ ಒತ್ತಾಯ್ತು!" ಅವಳು ಮೊರ ಎತ್ತಿಕೊಂಡು, ಕಣ್ಣೊರೆಸಿಕೊಂಡು, ತಪ್ಪು ದಿನದ ಎಡೆ ಬಡಿಸಲು ಒಳಗೆ ಹೋದಳು.

ಹಿತ್ತಲ ಬಾಗಿಲಿನಿಂದ ಮರದ ತನಕ ಇದ್ದ ದೂರ ನನಗೆ ಮಾದಪ್ಪನ ಬೆಟ್ಟ ಹತ್ತಿದಷ್ಟಾಯಿತು. ಬಂದೋಬಸ್ತಿನ ಜಾಣೆ, ಸಾವಿರ ಜನರ ಮೇಲೆ ಕಣ್ಣಿಟ್ಟವಳು, ಸ್ಟೇಜಿನ ಮೇಲಿದ್ದವನನ್ನು ಒಂದು ವರ್ಷ ಅನುಮಾನಿಸಲಿಲ್ಲ, ಸರಿ. ಆದರೆ ಅವನು ಅಲ್ಲಿ ಕೂತಿದ್ದಾಗ ಅವನ ಮಗಳು ಎಲ್ಲಿದ್ದಳು ಅಂತ ಒಮ್ಮೆಯೂ ಯೋಚಿಸಲಿಲ್ಲವಲ್ಲ? ಅಪ್ಪನಿಗೆ ಸನ್ಮಾನವಾಗುವ ದಿನ ಚಪ್ಪಾಳೆ ತಟ್ಟಲು ಅವಳು ಮುಂದಿನ ಸಾಲಿನಲ್ಲಿ ಇರಬೇಕಿತ್ತು. ಇರಲಿಲ್ಲ. ಅವನು ಮಾತಾಡದೆ ಕೂತದ್ದು, ಮಗಳು ಬಂದರೆ ಮುಖ ತಿರುಗಿಸುತ್ತಿದ್ದದ್ದು, ಎಲ್ಲದರ ಅರ್ಥ ಒಂದೇ ಏಟಿಗೆ ಆಯಿತು. ಅವಳ ಮುಖ ನೋಡಿದರೆ ಬಾಯಿ ಬಿಟ್ಟೇನು ಅಂತ ಭಯ ಆ ಮುಂಡೇದಕ್ಕೆ.

ರಮ್ಯಶ್ರೀ ನನ್ನ ಹೆಜ್ಜೆ ಸದ್ದಿಗೆ ತಿರುಗಿದಳು.

"ಏನಂದ್ರು ಆಂಟಿ? ಅಪ್ಪ ಬರ್ತಾರಾ?"

ಏನು ಹೇಳಲಿ? ಬರುವುದಿಲ್ಲ ಅಂದರೆ ಸುಳ್ಳು. ಬರುತ್ತಾನೆ ಅಂದರೆ ಅದಕ್ಕಿಂತ ದೊಡ್ಡ ಸುಳ್ಳು.

"ಬರ್ತಾರೆ ಕಣವ್ವ," ಅಂದೆ. "ಶಾಂತಮೂರ್ತಿ ಸತ್ತಿದ್ದು ಒಂದನೇ ತಾರೀಕು ಅಂತ ಸುವರ್ಣಮ್ಮ ಹೇಳಿದ್ರೆ ಕೊಲೆ ಕೇಸಿಂದ ಬಚಾವಾಗ್ತಾರೆ. ಆವತ್ತು ಅವರು ಸ್ಟೇಜ್ ಮೇಲಿದ್ರಲ್ಲ."

ಅವಳ ಮುಖದಲ್ಲಿ ಸಂತೋಷ ಹುಡುಕಿದೆ. 'ಒಂದನೇ ತಾರೀಕಾ? ಹೇಗೆ?' ಅಂತ ಕೇಳಲಿ ದೇವರೇ ಅಂತ ಬೇಡಿಕೊಂಡೆ. ಕೇಳಲಿಲ್ಲ. ಬೆರಳಿಗೆ ಸುತ್ತಿದ್ದ ದುಪಟ್ಟ ಬಿಚ್ಚಿಕೊಂಡಿತು. ಬಹಳ ಹೊತ್ತು ಭಾರ ಹೊತ್ತವರು ಇಳಿಸಿದಾಗ ಬಿಡುವಂಥ ಒಂದು ಉಸಿರು ಬಿಟ್ಟಳು.

"ನೀನೆಲ್ಲಿದ್ದೆ ರಮ್ಯಾ ಆವತ್ತು?"

"ಮನೇಲಿ."

"ಬೇರೇನೂ ಹೇಳ್ಬೇಡ." ಅವಳ ಭುಜ ಹಿಡಿದುಕೊಂಡೆ. "ಲಾಯರ್ ನೋಡೋಣ. ಗುರುವಾರದ ತನಕ ಟೈಮಿದೆ. ಒಂದು ಮಾತೂ ಆಡ್ಬೇಡ ಅಂದೆ ಕಣೇ."

"ಅಪ್ಪ ಆಣೆ ಹಾಕಿಸ್ಕೊಂಡಿದ್ರು ಆಂಟಿ. ಅಮ್ಮನ ಫೋಟೋ ಮುಟ್ಟಿಸಿ. ಇಲ್ಲಾಂದ್ರೆ ಆವತ್ತೇ ನಿಮ್ಮ ಮನೆಗೆ ಬರ್ತಿದ್ದೆ. ಪಕ್ಕದ ಮನೇನೇ ತಾನೆ?" ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದದ್ದು ನಾನು. "ಗುರುವಾರದ ತನಕ ಯಾಕೆ? ಅಪ್ಪ ಒಂದು ದಿನ ಮುಂಚೆ ಬಂದ್ರೂ ಮುಂಚೇನೇ. ಅವನು ಬಾಗಿಲು ಹಾಕಿದ, ನಾನು ತಳ್ಳಿದೆ, ತಲೆ ಮಗ್ಗಕ್ಕೆ ಬಡೀತು. ಅಷ್ಟೇ ಆಂಟಿ ಆಗಿದ್ದು. ಇವತ್ತೇ ಬರ್ಕೊಳ್ಳಿ."

ಅವಳ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಅಲ್ಲೇ ನಿಂತುಬಿಟ್ಟಿತು.

ತಿರುಗಿ ನೋಡಿದೆ. ನಾಲ್ಕು ಮಾರು ದೂರದಲ್ಲಿ ಮಲ್ಲಿಕಾರ್ಜುನಸ್ವಾಮಿ ನಿಂತಿದ್ದ. ಊಟ ಮಾಡದೆ ಹೊರಟಳು ಅಂತ, ಎಡೆಗಿಡದೆ ಬೇರೆ ತೆಗೆದಿಟ್ಟಿದ್ದ ಒಬ್ಬಟ್ಟನ್ನು ನನಗೆ ಬಾಳೆಲೆಯಲ್ಲಿ ಕಟ್ಟಿಕೊಂಡು ಬಂದಿದ್ದ. ಎಷ್ಟು ಹೊತ್ತಾಗಿತ್ತೋ ಬಂದು. ತುಪ್ಪ ಎಲೆಯಿಂದ ಸೋರಿ ಅವನ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

"ಏನ್ ಬರ್ಕಬೇಕು ಮೇಡಮ್ಮಾರೆ?" ಅಂದ. "ಜೋರಾಗಿ ಏಳ್ಸಿ. ನಮ್ಮವ್ವಂಗೂ ಕೇಳ್ಸ್ಲಿ."

ಅವನ ಹಿಂದೆ, ಹಿತ್ತಲ ಬಾಗಿಲಲ್ಲಿ, ಗೋಡೆ ಹಿಡಿದುಕೊಂಡು ದೊಡ್ಡಬಸಮ್ಮ ನಮ್ಮ ಕಡೆಗೇ ಬರುತ್ತಿದ್ದಳು.